ಸಬ್‌ವೂಫರ್ ಒಂದು ಸಾಕೇ, ಎರಡು ಬೇಕೇ? ಬೇಸ್ ಕೆಟ್ಟಾಗ ಎಲ್ಲಿಂದ ಹುಡುಕಬೇಕು

"ಹಾಲ್‌ನಲ್ಲಿ ಒಂದು ಸಬ್‌ವೂಫರ್ ಇದೆ, ಬೇಸ್ ಯಾಕೋ ಸರಿಯಿಲ್ಲ. ಇನ್ನೊಂದು ತಂದರೆ ಸರಿಹೋಗುತ್ತಾ?" ಹೋಮ್ ಥಿಯೇಟರ್ ಇಟ್ಟುಕೊಂಡವರ ಬಾಯಲ್ಲಿ ಇದು ಮಾಮೂಲಿ ಪ್ರಶ್ನೆ. ಸಬ್‌ವೂಫರ್, ಚಿಕ್ಕದಾಗಿ ಸಬ್, ಅಂದರೆ ಬೇಸ್ ಎಂಬ ತಗ್ಗಿನ ಸದ್ದನ್ನಷ್ಟೇ ನುಡಿಸುವ ಸ್ಪೀಕರ್ ಪೆಟ್ಟಿಗೆ. ಉತ್ತರಕ್ಕೆ ಮೊದಲು ನಾವೇ ಒಂದು ಪ್ರಶ್ನೆ ಕೇಳಬೇಕಾಗುತ್ತದೆ: ಸರಿಯಿಲ್ಲ ಅಂದರೆ ಹೇಗೆ? ಸದ್ದೇ ಸಾಲದೇ? ಹಾಡಿಲ್ಲದಾಗಲೂ ಗುಂಯ್ ಅನ್ನುತ್ತದೆಯೇ? ಸೋಫಾದ ಒಂದು ತುದಿಯಲ್ಲಿ ಎದೆ ನಡುಗಿ ಇನ್ನೊಂದು ತುದಿಯಲ್ಲಿ ಏನೂ ಇಲ್ಲವೇ? ಇವು ಬೇರೆ ಬೇರೆ ಕಾಯಿಲೆಗಳು, ಎಲ್ಲಕ್ಕೂ ಒಂದೇ ಮದ್ದಿಲ್ಲ.

ಎರಡನೆಯ ಸಬ್ ನಿಜವಾಗಿ ವಾಸಿಮಾಡುವುದು ಈ ಕೊನೆಯ ದೂರನ್ನು, ಅಂದರೆ ಸೀಟಿನಿಂದ ಸೀಟಿಗೆ ಬೇಸ್ ಬದಲಾಗುವುದನ್ನು. ಜೊತೆಗೆ ಒಂದಿಷ್ಟು ಹೆಚ್ಚು ಸದ್ದು ಸಿಗುತ್ತದೆ, ಅದು ಮೇಲುಗಳಿಕೆ. ಗುಂಯ್, ಕಟಕಟ, ತಪ್ಪು ಸೆಟ್ಟಿಂಗ್, ಉಲ್ಟಾ ಫೇಸ್ (ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುವುದು) ಇವ್ಯಾವುದಕ್ಕೂ ಅದರಿಂದ ಪ್ರಯೋಜನವಿಲ್ಲ. ತಾಪತ್ರಯ ಒಂದಿದ್ದದ್ದು ಎರಡಾಗುತ್ತದೆ ಅಷ್ಟೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳಿಂದ ಶುರುಮಾಡೋಣ.

ಬೇಕಾದ ಸಾಮಾನು: ಅಳತೆ ಟೇಪು, ಟಾರ್ಚು, ಟೋನ್ ಜನರೇಟರ್ ಆ್ಯಪ್ (ಒಂದೇ ಆವರ್ತನದ ಸದ್ದನ್ನು ಬಿಡದೆ ನುಡಿಸುವಂಥದ್ದು) ಇರುವ ಒಂದು ಮೊಬೈಲು, ಜೊತೆಗೊಬ್ಬರು. ಟೋನ್ ನುಡಿಸುವಾಗ ವಾಲ್ಯೂಮ್ ಮಾತಾಡುವಷ್ಟೇ ಇರಲಿ, ಒಂದು ಸಲಕ್ಕೆ ಕೆಲವೇ ಸೆಕೆಂಡು ಸಾಕು. ಹಾಡಿನಲ್ಲಿ ಬೇಸ್ ಬಂದು ಹೋಗುತ್ತದೆ, ಟೋನ್ ಹಾಗಲ್ಲ, ಬಿಡುವಿಲ್ಲದೆ ಸ್ಪೀಕರಿನೊಳಗಿನ ಕಾಯಿಲನ್ನು, ಅಂದರೆ ತಂತಿ ಸುರುಳಿಯನ್ನು, ಕಾಯಿಸುತ್ತದೆ. ಜೋರಾಗಿಟ್ಟು ಟೀ ಕುಡಿಯಲು ಹೋದರೆ ಕಾಯಿಲು ಸುಟ್ಟಿರುತ್ತದೆ.

ಸಬ್ ಮಾತೇ ಆಡುವುದಿಲ್ಲ, ಅಥವಾ ಆಗಾಗ ನಿದ್ದೆ ಹೋಗುತ್ತದೆ

ಮೊದಲು ಹಿಂಬದಿಯ ದೀಪ ನೋಡಿ. ದೀಪವೇ ಇಲ್ಲದಿದ್ದರೆ ಬೇರೆ ಪ್ಲಗ್ ಪಾಯಿಂಟ್‌ಗೆ ಹಾಕಿ ನೋಡಿ, ಆಮೇಲೆ ಫ್ಯೂಸ್. ಅದೇ ರೇಟಿಂಗ್‌ನ ಫ್ಯೂಸನ್ನು ಒಮ್ಮೆ ಬದಲಿಸಬಹುದು. ಎರಡನೆಯದೂ ಹೋಯಿತೆಂದರೆ ಒಳಗೆ ಏನೋ ಶಾರ್ಟ್ ಆಗಿದೆ, ಅಲ್ಲಿಗೆ ನಿಲ್ಲಿಸಿ. ದೊಡ್ಡ ರೇಟಿಂಗ್‌ನದ್ದನ್ನೋ ತಂತಿ ಚೂರನ್ನೋ ಹಾಕುವ ಬುದ್ಧಿವಂತಿಕೆ ಬೇಡ.

ದೀಪ ಇದ್ದು, ಸಿನಿಮಾ ನಡುವೆ ಸದ್ದು ನಿಂತು, ಒಂದು ದೊಡ್ಡ ಧಡ್ ಬಂದಾಗ ಮತ್ತೆ ಏಳುತ್ತದೆ ಎಂದರೆ ಅದು ಆಟೋ ಸ್ಟ್ಯಾಂಡ್‌ಬೈ ಕೆಲಸ. ರಿಸೀವರ್‌ನಿಂದ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಪೆಟ್ಟಿಗೆಯಿಂದ) ಬರುವ ಸಿಗ್ನಲ್ ಸಣ್ಣದಿದ್ದಾಗ ಸಬ್ ತನಗೇನೂ ಕೆಲಸವಿಲ್ಲ ಎಂದುಕೊಂಡು ಮಲಗುತ್ತದೆ. ರಿಸೀವರ್‌ನಲ್ಲಿ ಸಬ್ ಲೆವೆಲ್ ಹೆಚ್ಚಿಸಿ, ಸಬ್‌ನ ಹಿಂದಿನ ಗೇನ್ (ಸಬ್‌ನದೇ ವಾಲ್ಯೂಮ್ ಗುಂಡಿ) ಅಷ್ಟೇ ತಗ್ಗಿಸಿ. ಕೇಳುವ ಸದ್ದು ಮೊದಲಿನಷ್ಟೇ ಇರುತ್ತದೆ, ಸಬ್‌ಗೆ ತಲುಪುವ ಸಿಗ್ನಲ್ ದೊಡ್ಡದಾಗುತ್ತದೆ. ಅದರಿಂದಲೂ ಆಗದಿದ್ದರೆ ಸ್ವಿಚ್ಚನ್ನು ಆಟೋದಿಂದ ಆನ್‌ಗೆ ತಳ್ಳಿ.

ಸಿನಿಮಾಕ್ಕೆ ಬೇಸ್ ಇದೆ, ಹಾಡಿಗೆ ಇಲ್ಲ ಎನ್ನುವುದು ಇನ್ನೊಂದು ಬಗೆ. ಇದು ನೂರಕ್ಕೆ ತೊಂಬತ್ತು ಪಾಲು ಸೆಟ್ಟಿಂಗ್ ತಪ್ಪು. ರಿಸೀವರ್‌ನಲ್ಲಿ ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್' ಎಂದು ಇಟ್ಟರೆ ಹಾಡಿನ ಬೇಸ್ ಎಲ್ಲ ಅವಕ್ಕೇ ಹೋಗುತ್ತದೆ. ಸಬ್‌ಗೆ ಸಿನಿಮಾದ ಪ್ರತ್ಯೇಕ ಬೇಸ್ ಚಾನಲ್ ಮಾತ್ರ ಉಳಿಯುತ್ತದೆ, ಸ್ಟೀರಿಯೋ ಹಾಡಿನಲ್ಲಿ ಆ ಚಾನಲ್ಲೇ ಇಲ್ಲ. 'ಸ್ಮಾಲ್' ಮಾಡಿ, ಸ್ಪೀಕರ್‌ನಿಂದ ಸಬ್‌ಗೆ ಬೇಸ್ ದಾಟುವ ಆವರ್ತನದ ಗಡಿಯಾದ ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಡಿ. ಆಳೆತ್ತರದ ಸ್ಪೀಕರನ್ನು ಸ್ಮಾಲ್ ಎಂದು ಕರೆಯಲು ಅನೇಕರಿಗೆ ಮನಸ್ಸು ಬರುವುದಿಲ್ಲ. ಇಲ್ಲಿ ಸ್ಮಾಲ್ ಎಂದರೆ ಕೆಳಗಿನ ಬೇಸನ್ನು ಸಬ್‌ಗೆ ಕಳಿಸು ಎಂದಷ್ಟೇ ಅರ್ಥ. ರಿಸೀವರ್‌ನ ಸಬ್ ಔಟ್‌ನಿಂದ ವೈರ್ ಬಂದಿದ್ದರೆ ಸಬ್ ಹಿಂದಿನ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ. ಇಲ್ಲವಾದರೆ ಎರಡು ಕಡೆ ಸೋಸಿ, 80ರ ಆಸುಪಾಸಿನಲ್ಲಿ ಒಂದು ಹಳ್ಳ ಬೀಳುತ್ತದೆ.

ಹಾಡಿಲ್ಲದಿದ್ದರೂ ಗುಂಯ್ ಎನ್ನುತ್ತದೆ

ಸಬ್ ಆನ್ ಇರುವಾಗಲೇ ಗೇನ್ ಸೊನ್ನೆಗಿಳಿಸಿ ಸಿಗ್ನಲ್ ವೈರ್ ಕಿತ್ತು, ಮತ್ತೆ ಗೇನ್ ಏರಿಸಿ. ಗುಂಯ್ ಹೋಯಿತೇ? ಹಾಗಾದರೆ ಸಬ್ ಚೆನ್ನಾಗಿದೆ, ದೋಷ ಬರುತ್ತಿರುವುದು ಹೊರಗಿನಿಂದ. ಹೋಗಲಿಲ್ಲವೇ? ಸಬ್‌ನ ಪವರ್ ಸಪ್ಲೈ ಕೆಪಾಸಿಟರ್‌ಗಳು ಒಣಗಿರಬಹುದು. ಅದು ಸರ್ವೀಸ್ ಸೆಂಟರ್ ಕೆಲಸ.

ಹೊರಗಿನದ್ದಾದರೆ ಹೆಚ್ಚಿನ ಸಲ ಗ್ರೌಂಡ್ ಲೂಪ್. ಟಿವಿ ಒಂದು ಬೋರ್ಡಿನಲ್ಲಿ, ಸಬ್ ಇನ್ನೊಂದು ಗೋಡೆಯ ಬೋರ್ಡಿನಲ್ಲಿ, ಅರ್ಥಿಂಗ್ ದಾರಿ ಎರಡು. ಆ ಎರಡರ ನಡುವಿನ ಸಣ್ಣ ವ್ಯತ್ಯಾಸವೇ 50 ಹರ್ಟ್ಜ್ ಗುಂಯ್ ಆಗಿ ಕೇಳುತ್ತದೆ. ನಮ್ಮ ಮನೆಗಳಲ್ಲಿ ನಾನು ಮೊದಲು ಅನುಮಾನಿಸುವುದು ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಕೇಬಲ್ ವೈರನ್ನು. ಅದನ್ನು ಬಿಚ್ಚಿದ ಕೂಡಲೇ ಮೌನವಾದರೆ ಕಳ್ಳ ಸಿಕ್ಕಂತೆ. ಆ ವೈರ್‌ಗೆ ಒಂದು ಐಸೋಲೇಟರ್ ಹಾಕಿದರೆ ಸಾಕು. ಅದಲ್ಲದಿದ್ದರೆ ಎಲ್ಲ ಸಾಧನಗಳನ್ನೂ ಒಂದೇ ಬೋರ್ಡಿಗೆ ತಂದು ನೋಡಿ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಝುಂಯ್ ಎಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಗುಣ, ಸಬ್‌ನದ್ದಲ್ಲ.

ಒಂದು ಮಾತು ಖಡಾಖಂಡಿತ: ಗುಂಯ್ ನಿಲ್ಲಿಸಲು ಪ್ಲಗ್‌ನ ಮೂರನೆಯ ಪಿನ್, ಅಂದರೆ ಅರ್ಥ್ ಪಿನ್ ಕತ್ತರಿಸಬೇಡಿ, ಎರಡು ಪಿನ್‌ನ ಅಡಾಪ್ಟರ್ ಸಿಕ್ಕಿಸಬೇಡಿ. ಗುಂಯ್ ಹೋಗುವುದು ನಿಜ. ಜೊತೆಗೆ ಪ್ರಾಣ ಕಾಯುವ ದಾರಿಯೂ ಹೋಗುತ್ತದೆ. ಸಬ್ ಹಿಂದಿನ ಲೋಹದ ತಗಡು ಮುಟ್ಟಿದಾಗ ಜುಮ್ ಎಂದರೆ ಮನೆಯ ಅರ್ಥಿಂಗ್ ಸರಿಯಿಲ್ಲ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಪ್ಲಗ್ ತೆಗೆದಿಡಿ.

ಬೇಸ್ ಬಂದಾಗಲೆಲ್ಲ ಏನೋ ಕಟಕಟ

ಟೋನ್ ಆ್ಯಪ್‌ನಲ್ಲಿ 20ರಿಂದ 120 ಹರ್ಟ್ಜ್‌ವರೆಗೆ ನಿಧಾನ ಏರಿಸುತ್ತಾ ಹೋಗಿ. ಒಂದು ಕಡೆ ಕಟಕಟ ಶುರುವಾಗುತ್ತದೆ, ಅಲ್ಲೇ ನಿಲ್ಲಿಸಿ. ಈಗ ಜೊತೆಗಾರರು ಒಂದೊಂದನ್ನೇ ಕೈಯಿಂದ ಒತ್ತಿ ಹಿಡಿಯಲಿ. ಶೋಕೇಸಿನ ಜಾರುಗಾಜು, ಕಿಟಕಿಯ ಚಿಲಕ, ಪರದೆಯ ರಾಡಿನ ಉಂಗುರ, ಗೋಡೆಗೆ ತೂಗುಹಾಕಿದ ಫೋಟೋ, ಫಾಲ್ಸ್ ಸೀಲಿಂಗಿನ ಎಲ್‌ಇಡಿ ಲೈಟು, ಪಕ್ಕದ ಕೋಣೆಯ ಕಬ್ಬಿಣದ ಬೀರು. ಯಾವುದನ್ನು ಹಿಡಿದಾಗ ನಿಂತಿತೋ ಅಲ್ಲಿ ಸ್ವಲ್ಪ ಫೆಲ್ಟ್ ಅಂಟಿಸಿ.

ಸದ್ದು ಪೆಟ್ಟಿಗೆಯೊಳಗಿನಿಂದಲೇ ಬರುತ್ತಿದ್ದರೆ ಆಫ್ ಮಾಡಿ, ಪೋರ್ಟಿನ ತೂತಿಗೆ ಟಾರ್ಚ್ ಬಿಡಿ. ಮಕ್ಕಳು ಹಾಕಿದ ಗೋಲಿ, ಕ್ರೇಯಾನ್ ತುಂಡು ಸಿಗುವುದುಂಟು. ಹಳೇ ಮನೆಗಳಲ್ಲಿ ಜಿರಲೆ ಸಂಸಾರ, ಇಲಿ ಕಡಿದ ಹತ್ತಿ ಕೂಡ. ಆಮೇಲೆ ಕೋನ್, ಅಂದರೆ ಅಲುಗಿ ಸದ್ದು ಹುಟ್ಟಿಸುವ ಮುಂದಿನ ಬಟ್ಟಲು, ನೋಡಿ. ಸುತ್ತಲಿನ ಅಂಚು ರಬ್ಬರ್ ಆದರೆ ಬಹುಕಾಲ ಬರುತ್ತದೆ. ಫೋಮ್ ಆದರೆ, ಅದರಲ್ಲೂ ಕರಾವಳಿಯ ತೇವಕ್ಕೆ, ಬರಬರುತ್ತಾ ಪುಡಿಪುಡಿಯಾಗುತ್ತದೆ. ಬೆರಳು ತಾಗಿಸಿದರೆ ಉದುರುತ್ತದೆಯೇ ನೋಡಿ. ಉದುರಿದರೆ ಹೊಸ ಅಂಚು ಹಾಕಿಸಬಹುದು, ಇಡೀ ಸಬ್ ಎಸೆಯಬೇಕಿಲ್ಲ. ಕೊನೆಗೆ ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಸಮವಾಗಿ ಹರಡಿ ಮೆಲ್ಲಗೆ ಒಳಗೆ ಒತ್ತಿ ಬಿಡಿ. ಬೆಣ್ಣೆಯಂತೆ ಹೋಗಿ ಬರಬೇಕು. ಕರಕರ ಉಜ್ಜಿದಂತಾದರೆ ಕಾಯಿಲ್ ಸುಟ್ಟು ಉಬ್ಬಿದೆ ಅಥವಾ ವಾಲಿದೆ. ಇನ್ನು ನುಡಿಸಬೇಡಿ.

ಗುಂಡಿ ಎಷ್ಟು ತಿರುಗಿಸಿದರೂ ಬೇಸ್ ತೆಳು

ಇನ್ನೊಂದು ಸಬ್ ಕೊಳ್ಳುವ ಆಸೆ ಹುಟ್ಟುವುದು ಇಲ್ಲಿಯೇ, ಕೊಳ್ಳಬಾರದ ಜಾಗವೂ ಇದೇ. ಸದ್ದು ಹುಟ್ಟುತ್ತಿಲ್ಲ ಎಂದಲ್ಲ, ಹುಟ್ಟಿದ್ದು ನೀವು ಕುಳಿತಲ್ಲಿ ಅಳಿಸಿಹೋಗುತ್ತಿದೆ.

ಎದ್ದು ನಡೆಯಿರಿ, ಅದೇ ಮೊದಲ ಪರೀಕ್ಷೆ. ಹಾಡು ಓಡುತ್ತಿರಲಿ, ಗೋಡೆಯತ್ತ ಹೋಗಿ, ಮೂಲೆಗೆ ಹೋಗಿ. ಅಲ್ಲಿ ಬೇಸ್ ದಂಡಿಯಾಗಿ ಇದ್ದು ಸೋಫಾದಲ್ಲಿ ಮಾತ್ರ ಇಲ್ಲವೆಂದರೆ ತಪ್ಪು ಸಬ್‌ನದ್ದಲ್ಲ, ಕುರ್ಚಿಯದ್ದು. ಹಾಲ್‌ನ ಉದ್ದದ ನಟ್ಟನಡುವೆ ಕುಳಿತವರಿಗೆ ಇದು ತಪ್ಪಿದ್ದಲ್ಲ, ಕಾರಣ ಮುಂದೆ ಹೇಳುತ್ತೇನೆ. ಸೋಫಾವನ್ನು ಒಂದೆರಡು ಅಡಿ ಹಿಂದೆ ಸರಿಸಿ ಕೇಳಿ. ಖರ್ಚು ಸೊನ್ನೆ, ಮನೆಯವರ ಒಪ್ಪಿಗೆ ಬೇಕು ಅಷ್ಟೆ.

ಎಲ್ಲಿ ನಿಂತರೂ ತೆಳುವಾದರೆ ಫೇಸ್ ನೋಡಿ. ಮುಂದಿನ ಸ್ಪೀಕರ್‌ಗಳೂ ಸಬ್ಬೂ ಒಟ್ಟಿಗೆ 80 ಹರ್ಟ್ಜ್ ಟೋನ್ ನುಡಿಸಲಿ. ನೀವು ಸೀಟಿನಲ್ಲಿ ಕೂತಿರಿ, ಜೊತೆಗಾರರು ಸಬ್ ಹಿಂದಿನ ಫೇಸ್ ಸ್ವಿಚ್ಚನ್ನು 0ಯಿಂದ 180ಕ್ಕೆ, ಮತ್ತೆ 0ಗೆ ಬದಲಿಸಲಿ. ಯಾವುದರಲ್ಲಿ ಜೋರೋ ಅದೇ ಸರಿ. ಇದರಲ್ಲಿ ಸಿದ್ಧಾಂತವೇನೂ ಇಲ್ಲ, ಕಿವಿ ಹೇಳಿದ್ದೇ ಕೊನೆ. ಎರಡರಲ್ಲೂ ತೆಳುವಾಗಿದ್ದು, ಹಾಡಿನವರ ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ತೇಲುತ್ತಿದ್ದರೆ ಮುಂದಿನ ಒಂದು ಸ್ಪೀಕರಿನ ಕೆಂಪು ಕಪ್ಪು ವೈರ್ ಅದಲುಬದಲಾಗಿರುತ್ತದೆ.

ಗೋಡೆಯಿಂದ ಸಬ್ ಇರುವ ದೂರವನ್ನೂ ಅಳೆಯಿರಿ. ಸುಮಾರು ಮೂರೂವರೆ ಅಡಿ ಮುಂದಿದ್ದರೆ ಹಿಂದಿನ ಗೋಡೆಗೆ ಬಡಿದು ವಾಪಸಾದ 80 ಹರ್ಟ್ಜ್ ಸದ್ದು ಮೂಲವನ್ನೇ ಅಳಿಸುತ್ತದೆ. ಸಬ್ ಮಟ್ಟಿಗೆ ಗೋಡೆಗೆ ಹತ್ತಿರವೇ ವಾಸಿ.

ಇಲ್ಲಿ ಇಕ್ವಲೈಸರ್‌ನಿಂದ (ಒಂದೊಂದು ಆವರ್ತನವನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಸದ್ದಿನ ಹಳ್ಳ ತುಂಬಿಸಲು ಹೋಗಬೇಡಿ. 3 ಡೆಸಿಬೆಲ್ ಏರಿಸಲು ಆಂಪ್ಲಿಫಯರ್ ಎರಡು ಪಟ್ಟು ಪವರ್ ಕೊಡಬೇಕು, 10 ಡೆಸಿಬೆಲ್‌ಗೆ ಹತ್ತು ಪಟ್ಟು. ನೀವು ಹೆಚ್ಚು ಕೊಟ್ಟಷ್ಟೂ ಅಳಿಸುವ ಪ್ರತಿಫಲನವೂ ಹೆಚ್ಚುತ್ತದೆ, ಹಳ್ಳ ಹಾಗೇ ಉಳಿಯುತ್ತದೆ, ಆಂಪ್ ಬಿಸಿಯಾಗುತ್ತದೆ.

ಒಂದೇ ಸ್ವರಕ್ಕೆ ಗುಮ್ಮೆನ್ನುತ್ತದೆ, ಉಳಿದವು ಕೇಳುವುದೇ ಇಲ್ಲ

ಬೇಸ್ ಗಿಟಾರ್ ಸ್ವರದಿಂದ ಸ್ವರಕ್ಕೆ ನಡೆಯುವ ಒಂದು ಹಾಡು ಹಾಕಿ. ಎಲ್ಲ ಸ್ವರಗಳೂ ಒಂದೇ ಮಟ್ಟದಲ್ಲಿ ಬರಬೇಕು. ಒಂದು ಸ್ವರ ಮಾತ್ರ ಕೋಣೆ ತುಂಬಾ ಉಬ್ಬಿ, ಹಾಡು ಮುಂದಿನ ಸ್ವರಕ್ಕೆ ಹೋದ ಮೇಲೂ ಗುಯ್ಗುಡುತ್ತಿದ್ದರೆ ನಿಮಗೆ ಕೇಳುತ್ತಿರುವುದು ಸಬ್ ಅಲ್ಲ, ಹಾಲ್.

ಲೆಕ್ಕ ಸುಲಭ. 565ನ್ನು ಕೋಣೆಯ ಉದ್ದದಿಂದ, ಅಡಿಗಳಲ್ಲಿ, ಭಾಗಿಸಿ. ಬಂದದ್ದೇ ಆ ಎರಡು ಗೋಡೆಗಳ ನಡುವೆ ಸದ್ದು ತೂಗಾಡುವ ಮೊದಲ ಆವರ್ತನ. 15 ಅಡಿಗೆ ಸುಮಾರು 38 ಹರ್ಟ್ಜ್, 11 ಅಡಿ ಅಗಲಕ್ಕೆ 51, 10 ಅಡಿ ಎತ್ತರಕ್ಕೆ 56. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್, ಅದರ ಮೇಲಿನದ್ದು 55. ಎಲ್ಲಿ ತಾಗುತ್ತದೆ ಎಂದು ಈಗ ಗೊತ್ತಾಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಹತ್ತತ್ತು ಅಡಿಯ ಕೋಣೆಯಾದರೆ ಮೂರೂ 56ರಲ್ಲೇ ಬಂದು ಕೂರುತ್ತವೆ. ಅಂಥ ಕೋಣೆಯನ್ನು ಹಾಡು ಕೇಳಲು ಆರಿಸದಿರುವುದೇ ಒಳ್ಳೆಯದು.

ವಿದೇಶಿ ವಿಡಿಯೋಗಳ ಸಲಹೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಅಮೆರಿಕದ ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದ ಗೋಡೆ. ಅದು ಬೇಸ್‌ಗೆ ಅಲುಗಾಡುತ್ತದೆ, ಒಂದಿಷ್ಟನ್ನು ತಾನೇ ನುಂಗುತ್ತದೆ. ನಮ್ಮದು ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕು, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸು. ಒಳಗೆ ಹುಟ್ಟಿದ ಬೇಸ್ ಹೊರಹೋಗದೆ ಅಲ್ಲೇ ಸುತ್ತುತ್ತದೆ, ಉಬ್ಬು ಹೆಚ್ಚು ಚೂಪಾಗಿರುತ್ತದೆ. ಮಂಗಳೂರು ಹಂಚಿನ ಹಳೇ ಮನೆಗಳಲ್ಲಿ ಈ ಗುಮ್ಮು ಕಡಿಮೆ, ಮಾಡಿನ ಸಂದಿಯಲ್ಲೇ ಬೇಸ್ ಜಾರಿಹೋಗುತ್ತದೆ.

ಪರಿಹಾರದ ಕ್ರಮ ಹೀಗೆ: ಸಬ್ ಮೂಲೆಯಲ್ಲಿದ್ದರೆ ಅಲ್ಲಿಂದ ಹೊರಗೆ ತನ್ನಿ. ಸೋಫಾ ಗೋಡೆಗೆ ಒತ್ತಿದ್ದರೆ ಒಂದಡಿ ಮುಂದೆ ಎಳೆಯಿರಿ, ಏಕೆಂದರೆ ಗೋಡೆಯ ಬುಡದಲ್ಲಿ ಎಲ್ಲ ಉಬ್ಬುಗಳೂ ಒಟ್ಟಿಗೆ ಸೇರುತ್ತವೆ. ಆಮೇಲೆ ರಿಸೀವರಿನ ಆಟೋ ಕ್ಯಾಲಿಬ್ರೇಷನ್ (ಮೈಕ್‌ನಲ್ಲಿ ಕೇಳಿ ತಾನೇ ಸದ್ದು ಹೊಂದಿಸುವ ಸೌಲಭ್ಯ) ಓಡಿಸಿ. ಉಬ್ಬನ್ನು ತಗ್ಗಿಸುವುದು ಇಕ್ವಲೈಸರ್ ಚೆನ್ನಾಗಿ ಮಾಡುವ ಕೆಲಸ, ಹಳ್ಳ ತುಂಬಿದ ಹಾಗಲ್ಲ. ನೀವೊಬ್ಬರೇ ಒಂದೇ ಕುರ್ಚಿಯಲ್ಲಿ ಕೇಳುವವರಾದರೆ ಇಷ್ಟಕ್ಕೆ ಕೆಲಸ ಮುಗಿಯಿತು. ಒಂದೇ ಸಬ್ ಸಾಕು, ಉಳಿದ ದುಡ್ಡಿಗೆ ಬೇರೆ ಏನಾದರೂ ಕೊಳ್ಳಿ.

ಸಬ್‌ಗೆ ಸರಿಯಾದ ಜಾಗ ಹುಡುಕಲು ಹಳೆಯ ಉಪಾಯ ಒಂದಿದೆ. ಇಬ್ಬರು ಹಿಡಿದು ಸಬ್ಬನ್ನು ನೀವು ಕೂರುವ ಸೀಟಿನ ಮೇಲೇ ಇಡಿ. ಆ ಬೇಸ್ ಗಿಟಾರ್ ಹಾಡು ಓಡುತ್ತಿರಲಿ. ನೀವು ನೆಲದ ಮಟ್ಟಕ್ಕೆ ತಲೆ ತಗ್ಗಿಸಿ ಗೋಡೆಗುಂಟ ಅಂಬೆಗಾಲಿಡಿ. ಎಲ್ಲಿ ಸ್ವರಗಳೆಲ್ಲ ಸಮನಾಗಿ ಕೇಳುತ್ತವೋ ಅಲ್ಲಿಗೆ ಒಂದು ಗುರುತು ಹಾಕಿ, ಸಬ್ಬನ್ನು ಅಲ್ಲಿಗೆ ತನ್ನಿ. ಕೇಳುವವರು ಮತ್ತು ನುಡಿಸುವುದು ಜಾಗ ಬದಲಿಸಿಕೊಂಡರೂ ಕೋಣೆ ಮಾಡುವ ಪರಿಣಾಮ ಅದೇ ಇರುತ್ತದೆ, ಹಾಗಾಗಿ ಇದು ಫಲಿಸುತ್ತದೆ. ನೆಂಟರು ಬಂದಿದ್ದಾಗ ಮಾಡಬೇಡಿ ಎನ್ನುವುದನ್ನು ಬಿಟ್ಟರೆ ಬೇರೆ ಎಚ್ಚರಿಕೆ ಇಲ್ಲ. ಭಾರ ಮಾತ್ರ ನೆನಪಿರಲಿ, 12 ಇಂಚಿನ ಸಬ್ 20 ಕಿಲೋ ದಾಟುವುದು ಸಾಮಾನ್ಯ.

ಒಂದು ಸೀಟಿನಲ್ಲಿ ಚೆನ್ನ, ಪಕ್ಕದಲ್ಲಿ ಇಲ್ಲವೇ ಇಲ್ಲ

ಎರಡನೆಯ ಸಬ್‌ಗೆ ನಿಜವಾದ ಕಾರಣ ಇದು. ತಟ್ಟೆಯಲ್ಲಿ ನೀರು ತುಂಬಿ ಒಂದು ಬದಿ ಎತ್ತಿ ಬಿಟ್ಟರೆ ಎರಡೂ ಅಂಚಿನಲ್ಲಿ ನೀರು ಏರಿಳಿಯುತ್ತದೆ, ನಡುವಿನ ಗೆರೆಯಲ್ಲಿ ಮಟ್ಟ ಅಲುಗುವುದಿಲ್ಲ. ಕೋಣೆಯ ಮೊದಲ ಆವರ್ತನದಲ್ಲಿ ಗಾಳಿಯ ಒತ್ತಡ ಮಾಡುವುದೂ ಇದನ್ನೇ. 11 ಅಡಿ ಅಗಲದ ಹಾಲ್‌ನ ಮೂಲೆಯಲ್ಲಿ ಒಂದೇ ಸಬ್ ಇದ್ದರೆ, ಸೋಫಾದ ಎರಡೂ ತುದಿಯವರಿಗೆ 51 ಹರ್ಟ್ಜ್ ಗುಮ್ಮೆನ್ನುತ್ತದೆ, ನಡುವೆ ಕುಳಿತವರಿಗೆ ಅದು ಬಹುಪಾಲು ಮಾಯ. ಇಕ್ವಲೈಸರ್ ಒಬ್ಬರಿಗೆ ಸರಿಮಾಡಿದರೆ ಇನ್ನೊಬ್ಬರಿಗೆ ಕೆಡುತ್ತದೆ. ಮೂವರ ಕಿವಿಗೂ ಒಂದೇ ತಿದ್ದುಪಡಿ ಸಾಧ್ಯವಿಲ್ಲ.

ಎದುರುಬದುರಾಗಿ ಎರಡು ಸಬ್ ಇಟ್ಟು, ಎರಡನ್ನೂ ಒಂದೇ ಫೇಸ್‌ನಲ್ಲಿ ನಡೆಸಿದರೆ ಆ ತೂಗಾಟಕ್ಕೆ ಎರಡೂ ಕಡೆಯಿಂದ ಒಮ್ಮೆಗೇ ತಳ್ಳಿದಂತಾಗಿ ಅದು ಹುಟ್ಟುವುದೇ ಇಲ್ಲ. ಕೋಣೆ ಸರಿಯಾದ ಆಯತಾಕಾರದಲ್ಲಿದ್ದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಎಲ್ಲಿಡಬೇಕು ಎಂಬುದನ್ನು ದೂರೇ ಹೇಳಿಕೊಡುತ್ತದೆ. ಇದನ್ನು ಗಮನಿಸದೆ ಕೊಂಡವರೇ ಹೆಚ್ಚು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದೇ ಸೋಫಾದಲ್ಲಿ ಅಕ್ಕಪಕ್ಕ ಕುಳಿತವರಿಗೆ ವ್ಯತ್ಯಾಸವಾದರೆ ತೊಂದರೆ ಅಗಲದ್ದು. ಎರಡು ಸಬ್‌ಗಳನ್ನು ಎಡಗೋಡೆ ಬಲಗೋಡೆಗಳ ನಡುಮಧ್ಯೆ ಇಡಿ. ಅದಕ್ಕೆ ಜಾಗವಿಲ್ಲದಿದ್ದರೆ ಟಿವಿ ಗೋಡೆಯ ಎರಡೂ ಮೂಲೆಗಳಾದರೂ ಆದೀತು. ಮುಂದಿನ ಸೋಫಾದವರಿಗೂ ಹಿಂದಿನ ದಿವಾನದವರಿಗೂ ವ್ಯತ್ಯಾಸವಾದರೆ ತೊಂದರೆ ಉದ್ದದ್ದು. ಒಂದನ್ನು ಟಿವಿ ಗೋಡೆಯ ನಡುವೆ, ಇನ್ನೊಂದನ್ನು ಅದರ ಎದುರುಗೋಡೆಯ ನಡುವೆ ಇಡಬೇಕು. ಇಂಥಲ್ಲಿ ಎರಡನ್ನೂ ಟಿವಿಯ ಅಕ್ಕಪಕ್ಕ ಇಟ್ಟು, ಏನೂ ಬದಲಾಗಲಿಲ್ಲ ಎಂದು ಗೊಣಗಿದರೆ ಸಬ್ ಏನು ಮಾಡೀತು? ಎರಡೂ ಸೇರಿ ಅದೇ ಉದ್ದದ ತೂಗಾಟವನ್ನು ಇಮ್ಮಡಿ ಬಲದಿಂದ ತಳ್ಳುತ್ತಿರುತ್ತವೆ. ಒಂದರ ಮೇಲೊಂದು ಪೇರಿಸಿಟ್ಟರಂತೂ ಸದ್ದು 6 ಡೆಸಿಬೆಲ್ ಏರುತ್ತದೆ, ಏರುಪೇರು ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಟಿವಿ ಗೋಡೆಯ ನಡು ಮತ್ತು ಹಿಂದಿನ ಗೋಡೆಯ ನಡು ಎಂಬ ಜೋಡಿಗೆ ಇನ್ನೊಂದು ಲಾಭವಿದೆ. ಎರಡೂ ಸಬ್ ಅಗಲದ ಮಧ್ಯರೇಖೆಯ ಮೇಲೇ ಇರುವುದರಿಂದ ಅಗಲದ ಮೊದಲ ತೂಗಾಟವನ್ನೂ ಅವು ಎಬ್ಬಿಸುವುದಿಲ್ಲ. ಹರ್ಮನ್ ಕಂಪನಿಯ ಸಂಶೋಧಕ ಟಾಡ್ ವೆಲ್ಟಿ 2002ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯಲ್ಲಿ ಮಂಡಿಸಿದ ಲೆಕ್ಕವೂ ಇದನ್ನೇ ಹೇಳಿತು: ಆಯತಾಕಾರದ ಮುಚ್ಚಿದ ಕೋಣೆಯಲ್ಲಿ ನಾಲ್ಕು ಗೋಡೆಗಳ ನಡುವೆ ನಾಲ್ಕು ಸಬ್ ಇಟ್ಟರೆ ಬಹಳ ಚೆನ್ನು, ಎದುರುಬದುರು ಗೋಡೆಗಳ ನಡುವೆ ಎರಡಿಟ್ಟರೆ ಹೆಚ್ಚುಕಮ್ಮಿ ಅಷ್ಟೇ ಚೆನ್ನು, ನಾಲ್ಕಕ್ಕಿಂತ ಹೆಚ್ಚಿಟ್ಟು ಲಾಭವಿಲ್ಲ. 'ಆಯತಾಕಾರದ ಮುಚ್ಚಿದ' ಎಂಬುದನ್ನು ಅಡಿಗೆರೆ ಹಾಕಿ ಓದಿ. ಒಂದು ಬದಿ ಊಟದ ಜಾಗಕ್ಕೂ ಅಡುಗೆಮನೆಗೂ ತೆರೆದುಕೊಂಡ ಹಾಲ್ ಆದರೆ ಈ ನಕ್ಷೆ ಹಾಗೇ ನಡೆಯದು, ಅಂಬೆಗಾಲಿನ ಉಪಾಯವೋ ಅಳತೆಯ ಮೈಕೋ ಬೇಕು.

ಆದ್ದರಿಂದ ಕೊಳ್ಳುವ ಮೊದಲು ಒಂದು ಪರೀಕ್ಷೆ. ಈಗಿರುವ ಸಬ್ಬನ್ನು ಟಿವಿ ಗೋಡೆಯ ನಟ್ಟನಡುವೆ ಇಟ್ಟು ಎಲ್ಲ ಸೀಟುಗಳಲ್ಲೂ ಕೂತು ಕೇಳಿ. ಅಕ್ಕಪಕ್ಕದ ವ್ಯತ್ಯಾಸ ಅಲ್ಲಿಗೇ ತಗ್ಗಬಹುದು. ಹಾಗಾಗದಿದ್ದರೆ, ಸ್ನೇಹಿತರ ಸಬ್ ಒಂದು ಸಂಜೆಗೆ ತಂದು ಎದುರುಗೋಡೆಗಿಟ್ಟು ಕೇಳಿ. ಫರಕು ಗೊತ್ತಾದರೆ ಕೊಳ್ಳಿ.

ಕೊಳ್ಳುವುದಾದರೆ ಅದೇ ಮಾಡೆಲ್. ಪೋರ್ಟ್ ಇರುವುದನ್ನೂ ಮುಚ್ಚಿದ ಪೆಟ್ಟಿಗೆಯದ್ದನ್ನೂ ಜೋಡಿಸಿದರೆ ಕೆಳಗಿನ ಆವರ್ತನಗಳಲ್ಲಿ ಎರಡರ ಫೇಸ್ ಬೇರೆ ಬೇರೆ ದಾರಿ ಹಿಡಿಯುತ್ತದೆ, ಕಿವಿಯಿಂದ ಅದನ್ನು ಹೊಂದಿಸುವುದು ಬಹಳ ಕಷ್ಟ.

ಸಬ್ ಎಲ್ಲಿ ಕೂತಿದೆ ಎಂದು ಕಣ್ಣು ಮುಚ್ಚಿಯೂ ಹೇಳಬಹುದು

ಗಂಡಸಿನ ದನಿ ಮೂಲೆಯಿಂದ ಬಂದಂತೆ ಕೇಳುವುದೇ ಇದರ ಗುರುತು. ಕ್ರಾಸ್‌ಓವರ್ 80ಕ್ಕಿಂತ ಬಹಳ ಮೇಲಿದೆ ಎಂದರ್ಥ. ಇಳಿಸಿ ನೋಡಿ. ಮೂರಿಂಚಿನ ಪುಟ್ಟ ಸ್ಪೀಕರ್‌ಗಳ ಸೆಟ್ ಆದರೆ ಇಳಿಸಿದ ಕೂಡಲೇ ನಡುವಿನ ಸದ್ದು ಬರಿದಾಗುತ್ತದೆ, ಅವಕ್ಕೆ 120ರಿಂದ 150 ಬೇಕೇ ಬೇಕು. ಅಂಥವರು ಸಬ್ಬನ್ನು ಟಿವಿ ಗೋಡೆಗೇ ತಂದರೆ ಸಾಕಷ್ಟು ಸುಧಾರಿಸುತ್ತದೆ. ಎರಡು ಸಬ್ ಎಡಬಲ ಇಟ್ಟರೂ ಆಗುತ್ತದೆ. ಆದರೆ ಆ ದುಡ್ಡಿಗೆ ದೊಡ್ಡ ಮುಂಭಾಗದ ಸ್ಪೀಕರ್ ತರುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಜೋರು ಮಾಡಿದಾಗ ಫುಸ್ ಅನ್ನುತ್ತದೆ, ಧಡ್ ಅನ್ನುತ್ತದೆ

ಫುಸ್ ಎನ್ನುವುದು ಪೋರ್ಟಿನಿಂದ ಗಾಳಿ ನುಗ್ಗುವ ಸದ್ದು. ಧಡ್ ಎನ್ನುವುದು ಕೋನ್ ತನ್ನ ಮಿತಿಗೆ ಹೋಗಿ ಬಡಿದದ್ದು, ಕೇಳಿದ ಕೂಡಲೇ ವಾಲ್ಯೂಮ್ ಇಳಿಸಿ. ಎರಡೂ ಸಬ್ ತನ್ನ ಶಕ್ತಿ ಮೀರಿ ದುಡಿಯುತ್ತಿರುವುದರ ಲಕ್ಷಣ. ಗೇನ್ ವಿಪರೀತ ಏರಿಸಿಟ್ಟಿದ್ದೀರಾ, ಟಿವಿಯಲ್ಲೋ ಪ್ಲೇಯರ್‌ನಲ್ಲೋ ಇನ್ನೊಂದು 'ಬೇಸ್ ಬೂಸ್ಟ್' ಆನ್ ಇದೆಯಾ ನೋಡಿ.

ಅದೇನೂ ಇಲ್ಲದೆ, ಹಾಲ್ ದೊಡ್ಡದಾಗಿ, ಸಬ್ ಸಣ್ಣದಾಗಿದ್ದರೆ ಮಾತ್ರ ಹೆಚ್ಚು ಶಕ್ತಿ ಬೇಕು. ಎರಡು ಸಬ್‌ಗಳಿಂದ ಸಿಗುವುದು ಜಾಗಕ್ಕೆ ತಕ್ಕಂತೆ 3ರಿಂದ 6 ಡೆಸಿಬೆಲ್. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ಸುಮಾರು 10 ಬೇಕು. ಒಬ್ಬರೇ ಕೇಳುವವರು, ಸಿನಿಮಾದ 20 ಹರ್ಟ್ಜ್ ನಡುಕ ಬೇಕು ಎನ್ನುವವರು ಎರಡು ಸಣ್ಣದರ ಬದಲು ಒಂದು ದೊಡ್ಡದನ್ನೇ ಕೊಳ್ಳಲಿ. 30ರ ಕೆಳಗೆ ಇಳಿಯಲಾರದ ಸಬ್ ಎರಡಾದರೂ ಇಳಿಯುವುದಿಲ್ಲ.

ಎರಡನೆಯದು ಬಂದ ಮೇಲೆ ಬೇಸ್ ಇನ್ನೂ ಕಡಿಮೆಯಾಯಿತು

ನಗಬೇಡಿ, ಇದು ಆಗುತ್ತಲೇ ಇರುತ್ತದೆ. ಒಂದು ಸಬ್ ಮಾತ್ರ ಆನ್ ಮಾಡಿ ಕೇಳಿ, ಆಮೇಲೆ ಇನ್ನೊಂದು ಮಾತ್ರ, ಆಮೇಲೆ ಎರಡೂ. ಒಂದೇ ಟೋನ್ ನಂಬಬೇಡಿ. ಮೊದಲೇ ಹೇಳಿದ ತೂಗಾಟದ ಆವರ್ತನದಲ್ಲಿ ಎರಡೂ ಸೇರಿದಾಗ ಸದ್ದು ತಗ್ಗುವುದೇ ಸರಿ, ಅದಕ್ಕಾಗಿಯೇ ಅಲ್ಲವೇ ತಂದದ್ದು. ರಿಸೀವರಿನ ಸಬ್ ಟೆಸ್ಟ್ ನಾಯ್ಸ್ ಹಾಕಿ. ಒಟ್ಟು ಸದ್ದು ಒಂದೊಂದಕ್ಕಿಂತ ಜೋರಾಗಬೇಕು. ಆಗದಿದ್ದರೆ ಎರಡರ ಫೇಸ್ ಸ್ವಿಚ್ ಒಂದೇ ಕಡೆ ಇದೆಯೇ ನೋಡಿ, ಗೇನ್ ಗುಂಡಿಗಳನ್ನು ಒಂದೇ ಗೀಟಿಗೆ ತನ್ನಿ.

ನಂತರ ದೂರದ ಸೆಟ್ಟಿಂಗ್, ಅಂದರೆ ಸಬ್ ಸೀಟಿನಿಂದ ಎಷ್ಟು ದೂರವಿದೆ ಎಂದು ರಿಸೀವರ್‌ಗೆ ಹೇಳುವುದು. ಕೆಲವು ರಿಸೀವರ್‌ಗಳಲ್ಲಿ ಎರಡು ಸಬ್ ಔಟ್ ಇದ್ದರೂ ಒಳಗೆ ಎರಡೂ ಒಂದೇ, ಬೇರೆ ಬೇರೆ ದೂರ ಕೊಡಲಾಗುವುದಿಲ್ಲ. ಅಂಥಲ್ಲಿ ಎರಡನ್ನೂ ಸೀಟಿನಿಂದ ಆದಷ್ಟು ಸಮದೂರದಲ್ಲಿಡಿ. ಬೇರೆ ಬೇರೆ ಇರುವ ರಿಸೀವರ್ ಆದರೆ ಕ್ಯಾಲಿಬ್ರೇಷನ್ ಮತ್ತೆ ಓಡಿಸಿ. ಅದು ಸಬ್ ದೂರವನ್ನು ಟೇಪಿನ ಅಳತೆಗಿಂತ ಹೆಚ್ಚು ತೋರಿಸಬಹುದು. ಸಬ್‌ನೊಳಗಿನ ಎಲೆಕ್ಟ್ರಾನಿಕ್ಸ್ ಮಾಡುವ ತಡವನ್ನೂ ಅದು ಸೇರಿಸಿಕೊಂಡಿರುತ್ತದೆ. ತಪ್ಪೆಂದು ತಿದ್ದಲು ಹೋಗಬೇಡಿ.

ಇನ್ನೂ ಬಗೆಹರಿಯದಿದ್ದರೆ ಯುಮಿಕ್-1ನಂಥ ಅಳತೆಯ ಮೈಕ್ ತಂದು, ಪುಕ್ಕಟೆ ಸಿಗುವ ರೂಮ್ ಇಕ್ಯೂ ವಿಜರ್ಡ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಸೀಟಿನ ಗ್ರಾಫ್ ತೆಗೆಯಿರಿ. ಅಷ್ಟು ತಾಳ್ಮೆ ಇಲ್ಲದವರು ಇದನ್ನು ಬಲ್ಲವರನ್ನು ಕರೆಸುವುದೇ ಸರಿ.

ಸ್ಟೀರಿಯೋ ಆಂಪ್‌ನ ಸ್ಪೀಕರ್ ಟರ್ಮಿನಲ್‌ಗಳಿಂದ ಸಬ್‌ಗೆ ವೈರ್ ಎಳೆಯುವವರಿಗೆ ಒಂದು ಎಚ್ಚರಿಕೆ. ಇಂದಿನ ಕೆಲವು ಕ್ಲಾಸ್ ಡಿ ಆಂಪ್‌ಗಳಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಅದನ್ನು ಸಬ್‌ನ ಗ್ರೌಂಡ್‌ಗೆ ಸೇರಿಸಿದರೆ ಆಂಪ್ ಸುಡಬಹುದು. ಎರಡೂ ಸಾಧನಗಳ ಕೈಪಿಡಿ ಓದದೆ ಮುಟ್ಟಬೇಡಿ.

ಕೆಳಮನೆಯವರು ಬಾಗಿಲು ತಟ್ಟಿದರು

ಮೊಬೈಲ್ ಆ್ಯಪ್ ತೋರಿಸಿ "ನೋಡಿ, ಬರೀ 50 ಡೆಸಿಬೆಲ್" ಎಂದು ವಾದಿಸಬೇಡಿ. ಆ್ಯಪ್ ತಗ್ಗಿನ ಸದ್ದನ್ನು ಕಡಿಮೆ ಎಣಿಸುವ 'ಎ' ತೂಕದಲ್ಲಿದ್ದರೆ 50 ಹರ್ಟ್ಜ್ ಸದ್ದನ್ನು 30 ಡೆಸಿಬೆಲ್ ಕಡಿಮೆ ತೋರಿಸುತ್ತದೆ. 'ಸಿ'ಗೆ ಬದಲಿಸಿದರೆ ಸತ್ಯ ಗೊತ್ತಾಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6.

ಸಬ್ ಕೆಳಗೆ ದಪ್ಪ ಫೋಮ್ ಇಟ್ಟರೆ ನೆಲದ ನಡುಕ ಸ್ವಲ್ಪ ತಗ್ಗುತ್ತದೆ. ಗಾಳಿಯ ಮೂಲಕ ಸ್ಲ್ಯಾಬ್ ಅಲುಗಿಸುವ ಬೇಸ್‌ಗೆ ಅದು ಲೆಕ್ಕಕ್ಕಿಲ್ಲ. ಕೆಟ್ಟ ಸೀಟಿನವರಿಗೂ ಕೇಳಲೆಂದು ಎಲ್ಲರಿಗೂ ಜೋರು ಮಾಡುವ ಚಾಳಿ ಎರಡು ಸಬ್ ಇದ್ದಾಗ ತಪ್ಪುತ್ತದೆ, ಅಷ್ಟರ ಮಟ್ಟಿಗೆ ನೆರೆಯವರಿಗೂ ನೆಮ್ಮದಿ.

ಇಲ್ಲಿಂದ ಮುಂದೆ ಕೈ ಹಾಕಬೇಡಿ

ಆನ್ ಮಾಡಿದ ತಕ್ಷಣ ಕೋನ್ ಒಂದೇ ಕಡೆ ತಳ್ಳಿಕೊಂಡು ಹಾಗೇ ನಿಂತರೆ ಕಾಯಿಲ್‌ಗೆ ಡಿಸಿ ಕರೆಂಟ್ ಹರಿಯುತ್ತಿದೆ. ಆ ಕ್ಷಣವೇ ಗೋಡೆಯ ಸ್ವಿಚ್ ಆರಿಸಿ, ಬೆಂಕಿಯವರೆಗೂ ಹೋಗಬಹುದು. ಸುಟ್ಟ ವಾಸನೆ, ಹಿಂಬದಿಯ ತಗಡು ಕೈ ಇಡಲಾಗದಷ್ಟು ಬಿಸಿ, ಆನ್ ಮಾಡಿದಾಗ ಮನೆಯ ಎಂಸಿಬಿ ಬೀಳುವುದು ಇವೂ ಅದೇ ಸಾಲಿನವು.

ಹಿಂದಿನ ಆಂಪ್ ಪ್ಲೇಟನ್ನು ಬಿಚ್ಚಬೇಡಿ. ಪ್ಲಗ್ ಕಿತ್ತಿದ್ದರೂ ಒಳಗಿನ ಕೆಪಾಸಿಟರ್‌ಗಳು 325 ವೋಲ್ಟ್‌ನಷ್ಟು ಡಿಸಿ ಹಿಡಿದುಕೊಂಡಿರಬಹುದು. ವಾರಂಟಿ ಇದ್ದರೆ ಸ್ಕ್ರೂ ಮುಟ್ಟುವ ಮೊದಲೇ ಕಂಪನಿಗೆ ಫೋನ್ ಮಾಡಿ. ಇಲ್ಲದಿದ್ದರೆ ಸ್ಪೀಕರ್ ರಿಪೇರಿಯವರ ಬಳಿಗೆ ಒಯ್ಯುವಾಗ ಲಕ್ಷಣವನ್ನು ಚೀಟಿಯಲ್ಲಿ ಬರೆದುಕೊಡಿ: ಸಿಗ್ನಲ್ ವೈರ್ ಕಿತ್ತಾಗಲೂ ಗುಂಯ್ ಇದೆಯೇ, ಕೋನ್ ಒತ್ತಿದಾಗ ಉಜ್ಜುತ್ತದೆಯೇ, ಫ್ಯೂಸ್ ಎಷ್ಟು ಸಲ ಹೋಯಿತು. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಹಾಳಾದದ್ದಾದರೆ ಅದನ್ನೂ ಬರೆಯಿರಿ, ರಿಪೇರಿಯವರು ಮೊದಲು ಪವರ್ ಸಪ್ಲೈ ನೋಡುತ್ತಾರೆ. ಆ ದಿನಗಳಲ್ಲಿ ಸಬ್ ಪ್ಲಗ್ ಜೊತೆಗೆ ಕೇಬಲ್ ಟಿವಿ ವೈರನ್ನೂ ಕಿತ್ತಿಡುವುದು ಮರೆಯಬೇಡಿ, ಮಿಂಚಿನ ಹೊಡೆತ ಅದರ ಮೂಲಕವೂ ಒಳಗೆ ಬರುತ್ತದೆ.